ಪಟ್ಟಿಯ ಹೊರಗಿನ ಕುಣಿತ

ಮಾರ್ಗ-ದೇಸಿಯ ಪಾಠ ನಡೀತಿತ್ತು. ಎಂ.ಎ. ವಿದ್ಯಾರ್ಥಿಯೊಬ್ಬ ಎದ್ದು ಕೇಳಿದ: "ಸಾರ್, ಬಾಲ್‌ರೂಮ್ ಸ್ಪರ್ಧೆಗಳಲ್ಲಿ ಲ್ಯಾಟಿನ್ ಡ್ಯಾನ್ಸ್ ಅಂತ ಇದೆಯಲ್ಲ, ಅದರಲ್ಲಿ ಸಾಲ್ಸಾ ಯಾಕಿಲ್ಲ?"

ಅಂತಾರಾಷ್ಟ್ರೀಯ ಶೈಲಿಯ ಪಟ್ಟಿಯಲ್ಲಿರುವುದು ಐದು: ಚಾ-ಚಾ-ಚಾ, ರುಂಬಾ, ಸಾಂಬಾ, ಪಾಸೊ ದೋಬ್ಲೆ, ಜೈವ್. ಪಾಸೊ ದೋಬ್ಲೆ ಸ್ಪೇನಿನ ಗೂಳಿಕಾಳಗದ ಅನುಕರಣೆ. ಜೈವ್‌ನ ಬೇರು ಅಮೆರಿಕ ಸಂಸ್ಥಾನಗಳ ಕರಿಯರ ಕುಣಿತದಲ್ಲಿದೆ. ಎರಡೂ ಲ್ಯಾಟಿನ್ ಅಮೆರಿಕದವಲ್ಲ, ಆದರೂ ಒಳಗಿವೆ. ಸಾಲ್ಸಾ ಎಂಬ ಹೆಸರು ಪ್ರಚಾರಕ್ಕೆ ಬರುವ ಮುಂಚೆಯೇ ಪಟ್ಟಿ ಗಟ್ಟಿಯಾಗಿತ್ತು ಅನ್ನಬಹುದು. ಆದರೆ ಅದರ ಹಿರಿಯಕ್ಕ ಮಾಂಬೊ ಆಗಲೇ ಇತ್ತಲ್ಲ? ಅಮೆರಿಕದ ಸ್ಟುಡಿಯೋಗಳ ಬೇರೊಂದು ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿದೆ, ಈ ಐದರಲ್ಲಿ ಇಲ್ಲ. ಹಾಗಾಗಿ ನೃತ್ಯ ಎಲ್ಲಿ ಹುಟ್ಟಿತು ಅನ್ನೋದಕ್ಕಿಂತ ಪಟ್ಟಿ ಬರೆದವರು ಯಾರು ಅನ್ನೋದನ್ನು ಮೊದಲು ಕೇಳಬೇಕಾಗುತ್ತದೆ.

ರುಂಬಾವನ್ನೇ ನೋಡಿ. ಕ್ಯೂಬಾದಲ್ಲಿ ಗುಲಾಮಗಿರಿ ರದ್ದಾದದ್ದು 1886ರಲ್ಲಿ. ಹವಾನಾ ಮತ್ತು ಮಾತಾನ್ಸಾಸ್‌ನ ಬಡ ವಠಾರಗಳಲ್ಲಿ, ಬಂದರಿನ ಕೂಲಿಗಳ ನಡುವೆ ರುಂಬಾ ಬೆಳೆಯಿತು. ಸರಕು ತುಂಬಿ ಬಂದ ಮರದ ಪೆಟ್ಟಿಗೆಗಳನ್ನೇ ಚರ್ಮವಾದ್ಯದ ಹಾಗೆ ಬಡಿದರು. ಮರ್ಯಾದಸ್ಥರಿಗೆ ಅದು ಅಸಭ್ಯ, ಪೊಲೀಸರಿಗೆ ಗಲಾಟೆ. ಲಂಡನ್ನಿನ ಬಾಲ್‌ರೂಮಿನಲ್ಲಿ ರುಂಬಾ ಎಂದು ಕಲಿಸಿದ್ದು ಇದನ್ನಲ್ಲ. ಅದು ಸೋನ್ ಮತ್ತು ಬೊಲೆರೊಗಳಿಂದ ಬಂದದ್ದು. ವಠಾರದ ಹೆಸರು ಹೋಯಿತು, ವಠಾರ ಹೋಗಲಿಲ್ಲ.

1947ರಲ್ಲಿ ಪಿಯೆರ್ ಮಾರ್ಗೊಲ್ಲೆ ಎಂಬ ಶಿಕ್ಷಕ ಹವಾನಾಕ್ಕೆ ಹೋಗಿ ಅಲ್ಲಿಯವರ ಹೆಜ್ಜೆ ಕಲಿತು ಬಂದ. ಲಂಡನ್ನಿನಲ್ಲಿ ಆಗ ಕಲಿಸುತ್ತಿದ್ದದ್ದು ಚೌಕಾಕಾರದ ಹೆಜ್ಜೆ; ಕ್ಯೂಬಾದವರು ಎರಡನೇ ಎಣಿಕೆಗೆ ಮುರಿಯುತ್ತಾರೆ ಎಂದು ಈತ ವಾದಿಸಿದ. ವರ್ಷಗಟ್ಟಲೆ ಜಗಳವಾಯಿತು, ಕೊನೆಗೆ ಈತನ ವಾದವೇ ಗೆದ್ದಿತು. ಆತನ ಪ್ರಾಮಾಣಿಕತೆ ಬಗ್ಗೆ ನನಗೆ ಗೌರವವಿದೆ. ಆದರೆ ಕ್ಯೂಬಾದ ಹೆಜ್ಜೆ ಯಾವುದು ಸರಿ ಅನ್ನೋ ತೀರ್ಪು ಬಂದದ್ದು ಲಂಡನ್ನಿನ ಶಿಕ್ಷಕರ ಸಂಘಗಳಿಂದ, ಹವಾನಾದಿಂದಲ್ಲ. 1961ರಲ್ಲಿ ವಾಲ್ಟರ್ ಲೇರ್ಡ್ ತಂತ್ರದ ಪುಸ್ತಕ ಬರೆದ. ಪಾದ, ಮಂಡಿ, ಸೊಂಟ ಎಲ್ಲವೂ ಲಕ್ಷಣಗ್ರಂಥಕ್ಕೆ ಸೇರಿದವು. ನಮ್ಮಲ್ಲೂ ತಮಟೆಗೆ ಹಾಕಿದರೆ ಅದು ಕುಣಿತ, ಲಕ್ಷಣಗ್ರಂಥ ಇದ್ದರೆ ಅದು ನೃತ್ಯ.

ಅದೇ ಕಾಲಕ್ಕೆ ನ್ಯೂಯಾರ್ಕಿನಲ್ಲಿ ಬೇರೆಯದೇ ನಡೀತಿತ್ತು. ಪಲೇಡಿಯಂ ಎಂಬ ನೃತ್ಯಶಾಲೆಯಲ್ಲಿ 1940ರ ದಶಕದ ಕೊನೆಯಿಂದ 1966ರವರೆಗೆ ಮಾಚಿತೊ, ಟಿಟೊ ಪ್ವೆಂತೆ, ಟಿಟೊ ರಾಡ್ರಿಗಸ್ ವಾದ್ಯವೃಂದಗಳು ಮಾಂಬೊ ನುಡಿಸಿದವು. ಪೋರ್ಟೊರಿಕನ್ನರು, ಕರಿಯರು, ಯಹೂದಿಗಳು, ಇಟಾಲಿಯನ್ನರು ಒಂದೇ ನೆಲದ ಮೇಲೆ ಕುಣಿದರು. 1964ರಲ್ಲಿ ಫಾನಿಯಾ ರೆಕಾರ್ಡ್ಸ್ ಹುಟ್ಟಿತು, ಸಾಲ್ಸಾ ಹೆಸರನ್ನು ಊರೂರಿಗೆ ಮುಟ್ಟಿಸಿತು. 1973ರಲ್ಲಿ, ಅಂದರೆ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದ ಮರುವರ್ಷ, ಅದರ ಕಲಾವಿದರು ಯಾಂಕೀ ಸ್ಟೇಡಿಯಂ ತುಂಬಿಸಿದರು.

ಕ್ಲಬ್ಬಿನಲ್ಲಿ ಯಾರು ಯಾರನ್ನಾದರೂ ಕುಣಿಯಲು ಕರೆಯಬಹುದು. ಹಾಡು ಮುಗಿದರೆ ಜೋಡಿ ಬದಲು. ಮುಂದಿನ ಹೆಜ್ಜೆ ಅಲ್ಲೇ, ಕೈಯ ಸೂಚನೆಯಲ್ಲೇ ಹುಟ್ಟಬೇಕು. ಪಕ್ಕದವರ ಕಾಲು ತುಳಿಯದಷ್ಟು ಜಾಗದಲ್ಲಿ ಹಿಡಿಯಬೇಕು. ಕಿವಿ ಕ್ಲಾವೆಯ ಐದು ಪೆಟ್ಟಿನ ಮೇಲೆ. ಸ್ಪರ್ಧೆಯಲ್ಲಿ ಜೋಡಿ ಖಾಯಂ, ಹೆಜ್ಜೆಯ ಸಾಲು ಮೊದಲೇ ಬಾಯಿಪಾಠ, ಕೈಕಾಲು ದೂರಕ್ಕೆ ಕಾಣುವಂತೆ ಚಾಚಿರಬೇಕು, ಏಕೆಂದರೆ ನೋಡುವವನು ತೀರ್ಪುಗಾರ. ಕ್ಲಬ್ಬಿನ ಕುಣಿತ ನಿರ್ದೋಷಿ ಅಂತ ನಾನು ಹೇಳ್ತಿಲ್ಲ. ವಾಡಿಕೆಯಲ್ಲಿ ಅಲ್ಲೂ ಗಂಡು ನಡೆಸುತ್ತಾನೆ, ಹೆಣ್ಣು ಅನುಸರಿಸುತ್ತಾಳೆ.

ಆದರೆ ಒಂದು ಸಂಗತಿ ಓದಿ ದಂಗಾದೆ. ಲ್ಯಾಟಿನ್ ಸ್ಪರ್ಧೆಗೆ ಇಳಿಯುವ ಬಿಳಿಯರು ಮೈಗೆ ಕಂದು ಬಣ್ಣ ಬಳಿದುಕೊಳ್ಳುತ್ತಾರೆ. ತಾನೇ ಬಾಲ್‌ರೂಮ್ ನರ್ತಕಿಯಾಗಿದ್ದ ಜೂಲಿಯೆಟ್ ಮೆಕ್‌ಮೇನ್ಸ್ 2006ರ ತನ್ನ ಪುಸ್ತಕದಲ್ಲಿ ಇದನ್ನು ಚರ್ಚಿಸಿದ್ದಾಳೆ. ವಠಾರದವನ ಮೈಬಣ್ಣ ಅಂಗಡಿಯಲ್ಲಿ ಸಿಗುತ್ತದೆ, ಕುಣಿದಾದ ಮೇಲೆ ತೊಳೆದರೆ ಹೋಗುತ್ತದೆ.

ಆ ಹುಡುಗ ಬಿಡಲಿಲ್ಲ. "ಈಗ ಸಾಲ್ಸಾಗೂ ಸ್ಕೂಲು, ಸ್ಪರ್ಧೆ ಬಂದಿವೆಯಲ್ಲ ಸಾರ್?" ಬಂದಿವೆ. ಎಣಿಕೆ ಕಟ್ಟಿ ಕಲಿಸಿದವರಲ್ಲಿ ಮುಖ್ಯನಾದ ಎಡ್ಡಿ ಟೊರೆಸ್‌ಗೆ ನೆರವಾದದ್ದು ಜೂನ್ ಲಾಬರ್ಟಾ ಎಂಬ ಬಾಲ್‌ರೂಮ್ ಶಿಕ್ಷಕಿಯೇ. ಇದನ್ನು ಮುಚ್ಚಿಟ್ಟು ವಾದ ಗೆಲ್ಲುವುದು ನನಗೆ ಬೇಡ. ಟೊರೆಸ್ ಪೋರ್ಟೊರಿಕನ್ ಮನೆತನದವನು, ಹಾರ್ಲೆಮ್‌ನಲ್ಲಿ ಬೆಳೆದವನು, ಹೆಜ್ಜೆ ಕಲಿತದ್ದು ಕ್ಲಬ್ಬುಗಳಲ್ಲಿ ಹಳಬರನ್ನು ನೋಡಿ. ಎಣಿಕೆಯ ವಿದ್ಯೆಯನ್ನು ಲಾಬರ್ಟಾಳಿಂದ ಪಡೆದ. ಯಾವ ಹೆಜ್ಜೆಗೆ ಏನು ಹೆಸರು ಅನ್ನೋದನ್ನು ತಾನೇ ಇಟ್ಟ.