ಮಳೆನಕ್ಷತ್ರಗಳ ಕಾಲನಿರ್ಣಯ: ಒಂದು ತೊಡಕು

ಉತ್ತರ ಕರ್ನಾಟಕದ ರೈತರು ‘ಮಿರಗದ ಮಳೆ’ ಎನ್ನುವಾಗ ಮೃಗಶಿರಾ ನಕ್ಷತ್ರವನ್ನು ಆಕಾಶದಲ್ಲಿ ಕಂಡು ಹೇಳುವುದಿಲ್ಲ. ಆಗ ಸೂರ್ಯನೇ ಆ ಭಾಗದಲ್ಲಿರುವುದರಿಂದ ಅದು ಕಣ್ಣಿಗೆ ಬೀಳದು. ಸೂರ್ಯನ ವಾರ್ಷಿಕ ಪಥವನ್ನು 27 ಭಾಗಗಳನ್ನಾಗಿಸಿ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನಗಳಂತೆ ಎಣಿಸುವ ಕ್ರಮವಿದು.

ಮಳೆಯನ್ನು ಕುರಿತ ಗಾದೆಗಳನ್ನು ಅನಾದಿಕಾಲದ ಅನುಭವವೆಂದು ವರ್ಣಿಸುವುದು ಜಾನಪದ ಅಧ್ಯಯನದಲ್ಲಿ ರೂಢಿಯಾಗಿದೆ. ನಾನೂ ಹಾಗೆ ಬರೆದದ್ದುಂಟು. ಆದರೆ ಭೂಮಿಯ ಅಕ್ಷವು ಬುಗುರಿಯಂತೆ ಓಲಾಡುತ್ತ ಸುಮಾರು 26,000 ವರ್ಷಗಳಿಗೆ ಒಂದು ಸುತ್ತು ಮುಗಿಸುತ್ತದೆ. ಇದರಿಂದ ಸೂರ್ಯನ ನಕ್ಷತ್ರಪ್ರವೇಶವು ಋತುಗಳಿಗೆ ಹೋಲಿಸಿದರೆ ಸುಮಾರು 71 ವರ್ಷಗಳಿಗೆ ಒಂದು ದಿನದಂತೆ ತಡವಾಗುತ್ತ ಬರುತ್ತದೆ. ಸೂರ್ಯ ದಕ್ಷಿಣಕ್ಕೆ ತಿರುಗುವ ಬಿಂದು ಹಿಂದೆ ಆಶ್ಲೇಷೆಯ ನಡುವೆ ಇದ್ದು, ತನ್ನ ಕಾಲಕ್ಕೆ ಕರ್ಕಾಟಕದ ಆರಂಭಕ್ಕೆ ಸರಿದಿದೆಯೆಂಬುದನ್ನು 6ನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಗುರುತಿಸಿದ್ದಾನೆ. ಇಂದು ಅದು ಆರ್ದ್ರಾ ಪ್ರವೇಶದ ಆಸುಪಾಸಿಗೆ ಬಂದಿದೆ.

ಈಗ ಮೃಗಶಿರಾ ಮಳೆ ಹುಟ್ಟುವುದು ಜೂನ್ 8ರ ಸುಮಾರಿಗೆ. 1,500 ವರ್ಷಗಳ ಹಿಂದೆ ಅದು ಋತುಮಾನದಲ್ಲಿ ಮೂರು ವಾರ ಮುಂಚೆ, ಎಂದರೆ ಇಂದಿನ ಮೇ ನಡುಭಾಗದ ಹೊತ್ತಿಗೆ ಬರುತ್ತಿತ್ತು. ಮುಂಗಾರು ಮಾರುತ ನಕ್ಷತ್ರವನ್ನು ಕೇಳಿ ಬರುವುದಿಲ್ಲ, ಬಿಸಿಲನ್ನು ಅನುಸರಿಸಿ ಬರುತ್ತದೆ. ಹಾಗಾಗಿ ಮಿರಗಕ್ಕೆ ಬಿತ್ತಬೇಕೆನ್ನುವ ಮಾತು ಇಂದಿನ ಹೊಲಕ್ಕೆ ಹೊಂದುವುದಾದರೆ, ಅದು ಅಷ್ಟು ಹಳೆಯದಲ್ಲ. ಇಲ್ಲವೆ ಬಾಯಿಂದ ಬಾಯಿಗೆ ಸಾಗುವಾಗ ಅದರೊಳಗಿನ ನಕ್ಷತ್ರದ ಹೆಸರು ಬದಲಾಗಿದೆ. ನನಗೆ ಎರಡನೆಯದೇ ಹೆಚ್ಚು ಸಂಭವವೆನಿಸುತ್ತದೆ. ಒಂದೇ ಗಾದೆಯ ಪಾಠಾಂತರಗಳನ್ನು ಹೋಲಿಸಿ ಇದನ್ನು ಪರೀಕ್ಷಿಸಬಹುದು. ಅದಕ್ಕೆ ಪ್ರತಿ ಪಾಠದ ಊರು, ಸಂಗ್ರಹಿಸಿದ ವರ್ಷ ಎರಡೂ ಬೇಕು. ನನ್ನ ಆರಂಭದ ಕ್ಷೇತ್ರಕಾರ್ಯದ ಟಿಪ್ಪಣಿಗಳಲ್ಲಿ ಅವೆರಡೂ ಇಲ್ಲ.