ಓವರ್‌ಕ್ಲಾಕಿಂಗ್ ಮತ್ತು ಬೆಂಚ್‌ಮಾರ್ಕಿಂಗ್

ಓವರ್‌ಕ್ಲಾಕಿಂಗ್ ಎಂದರೆ ಗಣಕಯಂತ್ರದ ಪ್ರೊಸೆಸರ್ ಅಥವಾ ಮೆಮೊರಿಯನ್ನು ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ನಡೆಸುವುದು. ಗೊತ್ತುಪಡಿಸಿದ ಕೆಲಸವನ್ನು ಯಂತ್ರದಿಂದ ಮಾಡಿಸಿ, ತಗಲಿದ ಸಮಯ ಅಥವಾ ಪಡೆದ ಅಂಕಗಳ ಮೂಲಕ ಅದರ ಕಾರ್ಯಕ್ಷಮತೆಯನ್ನು ಅಳೆಯುವ ಕ್ರಮವೇ ಬೆಂಚ್‌ಮಾರ್ಕಿಂಗ್. ಇವೆರಡೂ ಪರಸ್ಪರ ಪೂರಕವಾದವು. ಅಳತೆಯಿಲ್ಲದೆ ವೇಗ ಹೆಚ್ಚಿತೆಂದು ಹೇಳಲಾಗದು. ಯಂತ್ರವು ದೋಷರಹಿತವಾಗಿ ನಡೆಯದಿದ್ದರೆ ಆ ಅಳತೆಗೂ ಬೆಲೆಯಿಲ್ಲ.

ಪ್ರೊಸೆಸರ್‌ನ ವೇಗ

ಪ್ರೊಸೆಸರ್‌ನ ಕ್ಲಾಕ್ ಆವರ್ತನವು ಮೂಲ ಆವರ್ತನ ಮತ್ತು ಗುಣಕಗಳ ಗುಣಲಬ್ಧವಾಗಿದೆ. ಮೂಲ ಆವರ್ತನ 100 ಮೆಗಾಹರ್ಟ್ಸ್, ಗುಣಕ 45 ಆಗಿದ್ದರೆ ಪ್ರೊಸೆಸರ್ 4.5 ಗಿಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. ಇಂಟೆಲ್ ಸಂಸ್ಥೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ ಹೆಸರಿನ ಕೊನೆಯಲ್ಲಿ ‘ಕೆ’ ಅಕ್ಷರವಿರುವ ಮಾದರಿಗಳಲ್ಲಿ ಮಾತ್ರ ಗುಣಕವನ್ನು ಹೆಚ್ಚಿಸಬಹುದು. ಎಎಂಡಿ ಸಂಸ್ಥೆ 2017ರಲ್ಲಿ ಬಿಡುಗಡೆ ಮಾಡಿದ ಮೊದಲ ತಲೆಮಾರಿನ ರೈಜನ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಗುಣಕವು ಮುಕ್ತವಾಗಿತ್ತು.

ಆವರ್ತನ ಹೆಚ್ಚಿದಂತೆ ಸ್ಥಿರತೆಗಾಗಿ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಪ್ರೊಸೆಸರ್‌ನ ಚಲನಶೀಲ ವಿದ್ಯುತ್ ಬಳಕೆಯು ಆವರ್ತನಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆದುದರಿಂದ ಎರಡನ್ನೂ ಶೇ. 10ರಷ್ಟು ಏರಿಸಿದರೆ ಈ ಬಳಕೆ ಸುಮಾರು ಶೇ. 33ರಷ್ಟು ಏರುತ್ತದೆ. ಹೆಚ್ಚುವರಿ ವಿದ್ಯುತ್ತೆಲ್ಲ ಉಷ್ಣವಾಗಿ ಹೊರಬೀಳುವುದರಿಂದ ಉತ್ತಮ ಕೂಲರ್ ಅವಶ್ಯಕ. ತಾಪಮಾನವು ಮಿತಿಯನ್ನು ಮುಟ್ಟಿದಾಗ ಪ್ರೊಸೆಸರ್ ತಾನಾಗಿಯೇ ಆವರ್ತನವನ್ನು ತಗ್ಗಿಸುತ್ತದೆ. ಇದಕ್ಕೆ ಥರ್ಮಲ್ ಥ್ರಾಟ್ಲಿಂಗ್ ಎನ್ನುತ್ತಾರೆ. ಈ ಕಾರಣದಿಂದ ಕೆಲವು ಯಂತ್ರಗಳಲ್ಲಿ ವೋಲ್ಟೇಜನ್ನು ತುಸು ಕಡಿಮೆ ಮಾಡುವ ಅಂಡರ್‌ವೋಲ್ಟಿಂಗ್ ವಿಧಾನವೇ ದೀರ್ಘಾವಧಿಯ ಕೆಲಸಗಳಲ್ಲಿ ಹೆಚ್ಚಿನ ವೇಗ ನೀಡುವುದುಂಟು.

ಮೆಮೊರಿಯ ಹೊಂದಾಣಿಕೆ

ಮೆಮೊರಿಯ ಕಾರ್ಯಕ್ಷಮತೆಯನ್ನು ಎರಡು ಅಂಶಗಳು ನಿರ್ಧರಿಸುತ್ತವೆ: ದತ್ತಾಂಶ ವರ್ಗಾವಣೆಯ ದರ ಮತ್ತು ವಿಳಂಬ. ಡಿಡಿಆರ್4-3200 ಮೆಮೊರಿಯು ಸೆಕೆಂಡಿಗೆ 320 ಕೋಟಿ ವರ್ಗಾವಣೆಗಳನ್ನು ನಡೆಸುತ್ತದೆ. ಪ್ರತಿ ವರ್ಗಾವಣೆಯಲ್ಲಿ 8 ಬೈಟ್ ಸಾಗುವುದರಿಂದ ಒಂದು ಚಾನೆಲ್‌ನ ಸೈದ್ಧಾಂತಿಕ ಗರಿಷ್ಠ ದರ ಸೆಕೆಂಡಿಗೆ 25.6 ಗಿಗಾಬೈಟ್, ಎರಡು ಚಾನೆಲ್‌ಗಳಲ್ಲಿ 51.2 ಗಿಗಾಬೈಟ್.

ವಿಳಂಬವನ್ನು ಕ್ಲಾಕ್ ಆವರ್ತಗಳಲ್ಲಿ ಸೂಚಿಸಲಾಗುತ್ತದೆ. ಡಿಡಿಆರ್4-3200 ಮೆಮೊರಿಯ ನಿಜವಾದ ಕ್ಲಾಕ್ 1600 ಮೆಗಾಹರ್ಟ್ಸ್ ಆಗಿರುವುದರಿಂದ, ಕ್ಯಾಸ್ ಲೇಟೆನ್ಸಿ 16 ಎಂದರೆ 10 ನ್ಯಾನೊಸೆಕೆಂಡ್. ಡಿಡಿಆರ್4-3600ರಲ್ಲಿ ಕ್ಯಾಸ್ ಲೇಟೆನ್ಸಿ 18 ಎಂದರೂ 10 ನ್ಯಾನೊಸೆಕೆಂಡೇ. ಇಲ್ಲಿ ವರ್ಗಾವಣೆಯ ದರ ಹೆಚ್ಚಿದರೂ ಈ ವಿಳಂಬ ಬದಲಾಗುವುದಿಲ್ಲ. ಹೀಗಾಗಿ ದೊಡ್ಡ ಸಂಖ್ಯೆಯೊಂದನ್ನೇ ನೋಡಿ ಮೆಮೊರಿಯನ್ನು ಆಯ್ಕೆ ಮಾಡುವುದು ಸರಿಯಲ್ಲ.

ಹೊಸ ಯಂತ್ರದಲ್ಲಿ ಮೆಮೊರಿಯು ಸಾಮಾನ್ಯವಾಗಿ ಜೆಡೆಕ್ ಮಾನಕದ ಕಡಿಮೆ ವೇಗದಲ್ಲಿ ಆರಂಭವಾಗುತ್ತದೆ. ತಯಾರಕರು ಪರೀಕ್ಷಿಸಿದ ಹೆಚ್ಚಿನ ವೇಗವನ್ನು ಪಡೆಯಲು ಬಯಾಸ್‌ನಲ್ಲಿ ಇಂಟೆಲ್‌ನ ಎಕ್ಸ್‌ಎಂಪಿ ಅಥವಾ ಎಎಂಡಿಯ ಎಕ್ಸ್‌ಪೋ ವ್ಯವಸ್ಥೆಯನ್ನು ಸಕ್ರಿಯಗೊಳಿಸಬೇಕು.

ಅಳತೆಯ ವಿಧಾನಗಳು

1972ರ ವೆಟ್‌ಸ್ಟೋನ್ ಮತ್ತು 1984ರ ಡ್ರೈಸ್ಟೋನ್ ಆರಂಭಿಕ ಬೆಂಚ್‌ಮಾರ್ಕ್‌ಗಳಲ್ಲಿ ಪ್ರಮುಖವಾದವು. ಕೃತಕ ಪರೀಕ್ಷೆಗಳ ಬದಲು ನೈಜ ತಂತ್ರಾಂಶಗಳನ್ನೇ ಬಳಸುವ ಉದ್ದೇಶದಿಂದ 1988ರಲ್ಲಿ ಸ್ಪೆಕ್ ಸಂಸ್ಥೆ ಸ್ಥಾಪನೆಯಾಯಿತು. ಇಂದು ಡೆಸ್ಕ್‌ಟಾಪ್‌ಗಳಲ್ಲಿ ಪ್ರೊಸೆಸರ್‌ಗೆ ಸಿನೆಬೆಂಚ್, ಮೆಮೊರಿಯ ವರ್ಗಾವಣೆ ದರಕ್ಕೆ ಸ್ಟ್ರೀಮ್ ಮುಂತಾದವು ಬಳಕೆಯಲ್ಲಿವೆ.

ವಿಶ್ವಾಸಾರ್ಹ ಅಳತೆಗೆ ಕೆಲವು ನಿಯಮಗಳಿವೆ:

• ಒಮ್ಮೆಗೆ ಒಂದೇ ಅಂಶವನ್ನು ಬದಲಿಸಬೇಕು.
• ಬದಲಾವಣೆಗೆ ಮುನ್ನ ಮೂಲಸ್ಥಿತಿಯ ಅಳತೆಯನ್ನು ದಾಖಲಿಸಬೇಕು.
• ಹಿನ್ನೆಲೆಯ ತಂತ್ರಾಂಶಗಳನ್ನು ಮುಚ್ಚಿ, ಪರೀಕ್ಷೆಯನ್ನು ಹಲವು ಬಾರಿ ನಡೆಸಿ ಮಧ್ಯಾಂಕವನ್ನು ತೆಗೆದುಕೊಳ್ಳಬೇಕು.
• ಅಂಕಗಳ ಜೊತೆಗೆ ಕೊಠಡಿಯ ಮತ್ತು ಪ್ರೊಸೆಸರ್‌ನ ತಾಪಮಾನವನ್ನು ಬರೆದಿಡಬೇಕು.

ಆವರ್ತನದ ಏರಿಕೆಯಷ್ಟೇ ಲಾಭ ಎಲ್ಲ ಕೆಲಸಗಳಲ್ಲೂ ದೊರೆಯುವುದಿಲ್ಲ. 100 ಸೆಕೆಂಡಿನ ಕೆಲಸವೊಂದರಲ್ಲಿ 60 ಸೆಕೆಂಡು ಮಾತ್ರ ಪ್ರೊಸೆಸರ್‌ನ ಆವರ್ತನವನ್ನು ಅವಲಂಬಿಸಿದ್ದರೆ, ಆವರ್ತನವನ್ನು ಶೇ. 10ರಷ್ಟು ಏರಿಸಿದಾಗ ಉಳಿಯುವುದು ಸುಮಾರು 5.5 ಸೆಕೆಂಡು ಮಾತ್ರ. 1967ರಲ್ಲಿ ಮಂಡಿತವಾದ ಆಮ್‌ಡಾಲ್ ನಿಯಮದ ತಿರುಳು ಇದೇ ಆಗಿದೆ.

ಸ್ಥಿರತೆ ಮತ್ತು ಅಪಾಯಗಳು

ಅಸ್ಥಿರ ಪ್ರೊಸೆಸರ್ ಇರುವ ಯಂತ್ರ ಸಾಮಾನ್ಯವಾಗಿ ಸ್ಥಗಿತಗೊಳ್ಳುವುದರಿಂದ ದೋಷ ಕಣ್ಣಿಗೆ ಬೀಳುತ್ತದೆ. ಮೆಮೊರಿಯ ದೋಷ ಇದಕ್ಕಿಂತ ಅಪಾಯಕಾರಿ. ಒಂದು ಬಿಟ್ ಬದಲಾದರೂ ಯಂತ್ರ ಎಂದಿನಂತೆ ನಡೆಯುತ್ತಿರಬಹುದು. ಆದರೆ ಆ ವೇಳೆ ಉಳಿಸಿದ ಕಡತ, ಛಾಯಾಚಿತ್ರ ಅಥವಾ ಲೆಕ್ಕಪತ್ರ ಕೆಟ್ಟಿರಬಹುದು. ದೋಷ ತಿದ್ದುವ ಇಸಿಸಿ ಮೆಮೊರಿ ಬಹುತೇಕ ಗೃಹಬಳಕೆಯ ಡೆಸ್ಕ್‌ಟಾಪ್‌ಗಳಲ್ಲಿ ಇರುವುದಿಲ್ಲ. ಆದುದರಿಂದ ಪ್ರತಿ ಬದಲಾವಣೆಯ ನಂತರ ಮೆಮ್‌ಟೆಸ್ಟ್86ನಂತಹ ಪರೀಕ್ಷೆಯನ್ನು ಹಲವು ಸುತ್ತು, ಪ್ರೈಮ್95ನಂತಹ ಒತ್ತಡ ಪರೀಕ್ಷೆಯನ್ನು ಹಲವು ಗಂಟೆ ನಡೆಸುವುದು ರೂಢಿ. ಒಂದೇ ಒಂದು ದೋಷ ಕಂಡರೂ ವೇಗವನ್ನು ತಗ್ಗಿಸಬೇಕು. ಮಿತಿಮೀರಿದ ವೋಲ್ಟೇಜ್ ಬಿಡಿಭಾಗಗಳ ಆಯುಷ್ಯವನ್ನು ಕುಗ್ಗಿಸುತ್ತದೆ. ತಯಾರಕರ ಖಾತರಿಯೂ ರದ್ದಾಗಬಹುದು.

ಸ್ಥಳೀಯ ಹವಾಮಾನದ ಪ್ರಭಾವ

ಗಾಳಿಯಿಂದ ತಣಿಯುವ ಪ್ರೊಸೆಸರ್‌ನ ತಾಪಮಾನವು ಕೊಠಡಿಯ ತಾಪಮಾನದೊಂದಿಗೆ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಳಗಾವಿ ನಗರದ ಚಳಿಗಾಲ ತಂಪಾಗಿದ್ದರೂ ಬೇಸಿಗೆಯ ಹಗಲಿನಲ್ಲಿ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. 22 ಡಿಗ್ರಿಯ ಕೊಠಡಿಯಲ್ಲಿ 78 ಡಿಗ್ರಿ ತಲುಪುವ ಪ್ರೊಸೆಸರ್, 35 ಡಿಗ್ರಿಯ ಕೊಠಡಿಯಲ್ಲಿ ಅದೇ ಕೆಲಸಕ್ಕೆ 91 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಆದುದರಿಂದ ಡಿಸೆಂಬರ್‌ನಲ್ಲಿ ಸ್ಥಿರವೆಂದು ಕಂಡ ಹೊಂದಾಣಿಕೆಯನ್ನು ಏಪ್ರಿಲ್‌ನಲ್ಲಿ ಮತ್ತೆ ಪರೀಕ್ಷಿಸಬೇಕಾಗುತ್ತದೆ.

ಪಶ್ಚಿಮ ಘಟ್ಟದ ಅಂಚಿನಲ್ಲಿರುವ ಖಾನಾಪುರ ತಾಲ್ಲೂಕಿನಲ್ಲಿ, ವಿಶೇಷವಾಗಿ ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯ ಸುತ್ತ, ಮುಂಗಾರು ಮಳೆ ಅಧಿಕ. ಗಾಳಿಮಳೆಗೆ ಮರಗಳು ತಂತಿಗಳ ಮೇಲೆ ಬಿದ್ದು ವಿದ್ಯುತ್ ಕಡಿತವಾಗುವ ಪ್ರದೇಶಗಳಲ್ಲಿ ಬಯಾಸ್ ನವೀಕರಣಕ್ಕೂ ದೀರ್ಘ ಪರೀಕ್ಷೆಗೂ ಯುಪಿಎಸ್ ಅಗತ್ಯ. ನವೀಕರಣದ ನಡುವೆ ವಿದ್ಯುತ್ ಹೋದರೆ ಮದರ್‌ಬೋರ್ಡ್ ನಿರುಪಯುಕ್ತವಾಗುವ ಸಂಭವವಿದೆ.

ಕರ್ನಾಟಕದಲ್ಲಿ ಬೋಧನೆ ಮತ್ತು ಬಳಕೆ

ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 1998ರಲ್ಲಿ ಸ್ಥಾಪನೆಯಾಯಿತು. ಅದರ 2018ರ ಪಠ್ಯಕ್ರಮದ ‘ಕಂಪ್ಯೂಟರ್ ಆರ್ಗನೈಸೇಷನ್’ ವಿಷಯದ ಮೊದಲ ಘಟಕದಲ್ಲಿ ಪ್ರೊಸೆಸರ್ ಕ್ಲಾಕ್, ಕಾರ್ಯಕ್ಷಮತೆಯ ಮೂಲ ಸಮೀಕರಣ ಮತ್ತು ಕಾರ್ಯಕ್ಷಮತೆಯ ಅಳತೆ ಸೇರಿದ್ದವು. ಈ ಸಮೀಕರಣದ ಪ್ರಕಾರ, ಒಟ್ಟು ಆದೇಶಗಳ ಸಂಖ್ಯೆಯನ್ನು ಪ್ರತಿ ಆದೇಶಕ್ಕೆ ತಗಲುವ ಸರಾಸರಿ ಹಂತಗಳಿಂದ ಗುಣಿಸಿ ಕ್ಲಾಕ್ ಆವರ್ತನದಿಂದ ಭಾಗಿಸಿದರೆ ಕೆಲಸದ ಅವಧಿ ದೊರೆಯುತ್ತದೆ. ಓವರ್‌ಕ್ಲಾಕಿಂಗ್ ಇದರಲ್ಲಿ ಕೊನೆಯ ಅಂಶವನ್ನಷ್ಟೇ ಬದಲಿಸುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ ಪರಮ್ ಪ್ರವೇಗ ಮಹಾಗಣಕದ ಸಾಮರ್ಥ್ಯ 3.3 ಪೆಟಾಫ್ಲಾಪ್ಸ್. ಮಹಾಗಣಕಗಳಲ್ಲೂ ಲೆಕ್ಕಾಚಾರದಿಂದ ಬರುವ ಸೈದ್ಧಾಂತಿಕ ಸಾಮರ್ಥ್ಯವನ್ನೂ ಲಿನ್‌ಪ್ಯಾಕ್ ಪರೀಕ್ಷೆಯಿಂದ ಅಳೆದ ಸಾಮರ್ಥ್ಯವನ್ನೂ ಬೇರೆಬೇರೆಯಾಗಿ ನಮೂದಿಸುವ ಪದ್ಧತಿಯಿದೆ.

ಇವನ್ನೂ ನೋಡಿ

• ಕೇಂದ್ರ ಸಂಸ್ಕರಣಾ ಘಟಕ
• ಮದರ್‌ಬೋರ್ಡ್
• ಮಹಾಗಣಕ
• ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ