ಉತ್ತರಪತ್ರಿಕೆಗಳ ನಡುವೆ ಹುಟ್ಟಿದ ಲೋಕ

ಅದ್ಭುತಕಥೆಗಳನ್ನು ಬರೆಯುವವನು ಮನೆವಾರ್ತೆಯ ಗೊಡವೆಯಿಲ್ಲದ ಏಕಾಂತವಾಸಿಯೆಂದು ಊಹಿಸುವುದು ವಾಚಕರಲ್ಲಿ ರೂಢಿಯಾಗಿದೆ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಮಹಾಕಥೆಯ ಕರ್ತನಾದ ಜೆ. ಆರ್. ಆರ್. ಟೋಲ್ಕೀನನ ಚರಿತ್ರೆಯನ್ನು ನೋಡಿದವರಿಗೆ ಈ ಊಹೆಯು ನಿಲ್ಲಲಾರದು. ೧೮೯೨ರಲ್ಲಿ ಹುಟ್ಟಿದ ಈತನು ೧೯೨೫ರಿಂದ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕನಾಗಿದ್ದನು. ನಾಲ್ವರು ಮಕ್ಕಳ ತಂದೆ. ಸಂಬಳವು ಸಂಸಾರಕ್ಕೆ ಸಾಲದೆ, ಬೇಸಗೆಯ ರಜೆಗಳಲ್ಲಿ ಶಾಲಾವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ತಿದ್ದಿ ನಾಲ್ಕು ಕಾಸು ಸಂಪಾದಿಸುತ್ತಿದ್ದನು.

ಹೀಗೆ ತಿದ್ದುತ್ತಿದ್ದಾಗ, ಒಬ್ಬ ವಿದ್ಯಾರ್ಥಿಯು ಒಂದು ಪುಟವನ್ನು ಏನೂ ಬರೆಯದೆ ಬಿಟ್ಟಿದ್ದುದು ಅವನ ಕಣ್ಣಿಗೆ ಬಿದ್ದಿತು. ಆ ಬರಿಯ ಹಾಳೆಯ ಮೇಲೆ, ನೆಲದೊಳಗಣ ಬಿಲದಲ್ಲಿ ವಾಸಿಸುವ ‘ಹಾಬಿಟ್’ ಎಂಬುದರ ವಿಷಯವಾಗಿ ಒಂದು ವಾಕ್ಯವನ್ನು ಗೀಚಿದನು. ಹಾಬಿಟ್ ಎಂದರೇನೆಂಬುದು ಆಗ ಅವನಿಗೇ ತಿಳಿಯದು. ಆ ವಾಕ್ಯದಿಂದ ಬೆಳೆದ ಕಥೆಯನ್ನು ಪ್ರಕಾಶಕನ ಹತ್ತು ವರ್ಷದ ಮಗನು ಒಂದು ಷಿಲಿಂಗು ಪಡೆದು ಓದಿ ಮೆಚ್ಚಿದನು. ೧೯೩೭ರಲ್ಲಿ ಅದು ಅಚ್ಚಾಯಿತು. ಜನರು ಆದರಿಸಿದರು, ಪ್ರಕಾಶಕರು ಮತ್ತೊಂದನ್ನು ಬೇಡಿದರು.

ಆ ಮತ್ತೊಂದನ್ನು ಅದೇ ವರ್ಷದ ಡಿಸೆಂಬರಿನಲ್ಲಿ ತೊಡಗಿದನು. ಮುಗಿದುದು ೧೯೪೯ರಲ್ಲಿ. ಉಪನ್ಯಾಸ, ಶಿಷ್ಯರು, ಪರೀಕ್ಷೆಗಳು ಹಗಲನ್ನು ನುಂಗುತ್ತಿದ್ದುವು. ಯುದ್ಧ ಬಂದ ಮೇಲೆ ವಿಮಾನದಾಳಿಯ ಕಾವಲಿನ ಪಾಳಿಯೂ ಸೇರಿಕೊಂಡಿತು. ಕಾಗದಕ್ಕೆ ಬರವಾದ ಕಾಲದಲ್ಲಿ ಹಳೆಯ ಉತ್ತರಪತ್ರಿಕೆಗಳ ಬೆನ್ನಿನ ಮೇಲೆಯೇ ಅಧ್ಯಾಯಗಳನ್ನು ಬರೆದನು. ಇದರಿಂದ ಅವನ ವಿದ್ವತ್ಕಾರ್ಯವು ಹಿಂದೆ ಬಿದ್ದಿತೆಂದು ಸಹೋದ್ಯೋಗಿಗಳು ಗೊಣಗಿದರು. ಆ ಆಕ್ಷೇಪವು ಕೇವಲ ಅನ್ಯಾಯವೆಂದು ನಾವು ಹೇಳಲಾರೆವು.

ಅವನು ಬರೆಯುತ್ತಿದ್ದ ಬಗೆಯು ವಿಚಿತ್ರವಾದುದು. ಕಥೆಯ ನಕ್ಷೆಯನ್ನು ಮೊದಲೇ ಹಾಕಿಕೊಂಡು ನಡೆಯುವವನಲ್ಲ. ಕಡೆಗೆ ರಾಜನಾಗಿ ಪಟ್ಟವೇರುವ ಆರಗಾರ್ನನು ಮೊದಲ ಕರಡಿನಲ್ಲಿ ಮರದ ಪಾದರಕ್ಷೆ ತೊಟ್ಟ ಒಬ್ಬ ಹಾಬಿಟ್! ಅವನು ಯಾರೆಂಬುದು ಕರ್ತನಿಗೆ ಬಹುಕಾಲ ತಿಳಿಯಲಿಲ್ಲ. ಆದರೆ ಹೀಗೆ ತಡವರಿಸುವವನೇ ಲೆಕ್ಕಾಚಾರದಲ್ಲಿ ಬಹು ನಿಷ್ಠುರನು. ತನ್ನ ಪಾತ್ರಗಳು ಎರಡು ತಂಡಗಳಾಗಿ ಅಗಲಿದ ಮೇಲೆ, ಒಂದೆಡೆ ಚಂದ್ರನು ಉದಯಿಸುವಾಗಲೇ ಇನ್ನೊಂದೆಡೆ ಅಸ್ತಮಿಸುತ್ತಿರುವನೆಂಬ ದೋಷವನ್ನು ೧೯೪೪ರ ಮೇ ತಿಂಗಳಲ್ಲಿ ಕಂಡುಕೊಂಡನು. ಹಿಂದಿನ ಅಧ್ಯಾಯಗಳನ್ನು ಸರಿಪಡಿಸಲು ಒಂದು ಅಪರಾಹ್ನವೆಲ್ಲ ಹೋಯಿತು. ನಮ್ಮ ಪಂಚಾಂಗಕರ್ತರೂ ತಲೆದೂಗುವಂತಹ ಶ್ರದ್ಧೆ! ಆ ದಿನಗಳಲ್ಲಿ ಮಗ ಕ್ರಿಸ್ಟಫರನು ವಾಯುಸೇನೆಯಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದನು. ಬರೆದ ಅಧ್ಯಾಯಗಳು ಒಂದೊಂದಾಗಿ ಅಂಚೆಯ ಮೂಲಕ ಅವನಿಗೆ ಹೋಗುತ್ತಿದ್ದುವು. ನಿಂತುಹೋಗಿದ್ದ ಲೇಖನಿಯನ್ನು ನಡೆಯಿಸಿದುದರಲ್ಲಿ ಆ ಒಬ್ಬ ದೂರದ ಓದುಗನ ಪಾಲು ದೊಡ್ಡದೆಂದು ನಮಗೆ ತೋರುತ್ತದೆ.

ಕೆಲಸವು ಮುಗಿಯುವುದೊಳಗೆ ಆಯುಸ್ಸು ಮುಗಿದೀತೆಂಬ ಭಯವು ಅವನನ್ನು ಬಿಟ್ಟಿರಲಿಲ್ಲ. ಒಂದು ಬೆಳಗ್ಗೆ ಎಚ್ಚರವಾದಾಗ ಒಂದು ಸಣ್ಣಕಥೆಯು ಇಡಿಯಾಗಿ ಅವನ ಮನಸ್ಸಿನಲ್ಲಿ ನಿಂತಿದ್ದಿತು, ೧೯೪೫ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಬ್ಬ ಸಾಮಾನ್ಯ ಚಿತ್ರಗಾರನು ದೊಡ್ಡದೊಂದು ಮರವನ್ನು ಚಿತ್ರಿಸಹೊರಡುವನು. ಮನೆಗೆಲಸ, ನೆರೆಯವನ ಅಗತ್ಯಗಳು ಅವನ ದಿನಗಳನ್ನು ತಿಂದುಹಾಕುವುವು. ಚಿತ್ರವು ಮುಗಿಯುವ ಮುನ್ನವೇ ತಪ್ಪಿಸಿಕೊಳ್ಳಲಾಗದ ಪ್ರಯಾಣದ ಕರೆ ಬರುವುದು.

ಮಹಾಕಥೆಯು ಮುಗಿಯಿತು. ಬೆರಳಚ್ಚಿನವರಿಗೆ ಕೊಡಲು ಹಣವಿಲ್ಲದೆ ತಾನೇ ಅದನ್ನು ಟೈಪು ಮಾಡಿದನು. ಸಾವಿರ ಪೌಂಡು ನಷ್ಟವಾದೀತೆಂದು ಅಂದಾಜು ಮಾಡಿಯೇ ಪ್ರಕಾಶಕರು ೧೯೫೪–೫೫ರಲ್ಲಿ ಮೂರು ಸಂಪುಟಗಳಾಗಿ ಹೊರತಂದರು. ಲಾಭ ಬಂದರೆ ಅರ್ಧಾಂಶ, ಬಾರದಿದ್ದರೆ ಏನೂ ಇಲ್ಲವೆಂಬ ಕರಾರಿಗೆ ಕರ್ತನು ಒಪ್ಪಿದ್ದನು. ಲಾಭವು ಹೇರಳವಾಗಿ ಬಂದಿತು.

ಆದರೆ ಇದೆಲ್ಲಕ್ಕೂ ತಳಹದಿಯಾದ ಪುರಾಣಕಥೆಗಳು ಬೇರೆಯಾಗಿದ್ದುವು. ೧೯೧೬ರಲ್ಲಿ ಸೋಮ್ ರಣರಂಗದಿಂದ ಜ್ವರಪೀಡಿತನಾಗಿ ಮರಳಿದ ಯುವಕನು ಚೇತರಿಸಿಕೊಳ್ಳುತ್ತ ಅವುಗಳನ್ನು ಆರಂಭಿಸಿದ್ದನು, ಜೀವಮಾನವೆಲ್ಲ ತಿದ್ದಿದನು. ೧೯೭೩ರಲ್ಲಿ ಅವನು ತೀರಿಕೊಂಡಾಗ ಅವು ಮುಗಿಯದೆಯೇ ಉಳಿದಿದ್ದುವು. ಹಿಂದೆ ಅಂಚೆಯಲ್ಲಿ ಅಧ್ಯಾಯಗಳನ್ನು ಪಡೆಯುತ್ತಿದ್ದ ಮಗನೇ ಆ ಕಟ್ಟುಗಳನ್ನು ಬಿಚ್ಚಿ, ಜೋಡಿಸಿ, ೧೯೭೭ರಲ್ಲಿ ‘ದಿ ಸಿಲ್ಮರಿಲಿಯನ್’ ಎಂಬ ಹೆಸರಿನಿಂದ ಪ್ರಕಟಿಸಿದನು.